ಬುಗುರಿಯ ಪಾಲಿನ ಮಾತು

ಆ ಮನೆಯಲ್ಲಿ ಬುಗುರಿಯ ಪಾಲಿನ ಮಾತನ್ನೂ ಅವಳ ಅಜ್ಜಿಯೇ ಆಡುತ್ತಿದ್ದರು. ಮಗು ನೀರಿನ ಲೋಟದ ಕಡೆ ನೋಡಿದರೆ ಸಾಕು, ಅಜ್ಜಿಯ ದಪ್ಪ ಗಂಟಲು ದಾರದಷ್ಟು ಸಣ್ಣಗಾಗಿ, "ಅಜ್ಜೀ, ನಂಗೆ ಬಾಯಾರಿಕೆ" ಎನ್ನುತ್ತಿತ್ತು. ಮರುಕ್ಷಣ ಅದೇ ಗಂಟಲು ಹಳೆಯ ಅಳತೆಗೆ ಮರಳಿ, "ಬಂದೆ ಕಣೇ ತಾಯಿ, ಒಂಚೂರು ಕಾಯೋಕಾಗಲ್ವಾ ನಿಂಗೆ?" ಎಂದು ಉತ್ತರ ಕೊಡುತ್ತಿತ್ತು. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ನಡುವೆ ಬುಗುರಿ ನಗುತ್ತ ನೀರು ಕುಡಿದು ಓಡುತ್ತಿದ್ದಳು.

ನಿಂತಲ್ಲಿ ನಿಲ್ಲದೆ ಸುತ್ತುತ್ತಿದ್ದವಳಿಗೆ ಬುಗುರಿ ಎಂದು ಹೆಸರಿಟ್ಟವರೂ ಅಜ್ಜಿಯೇ. ನಾಲ್ಕು ವರ್ಷ ತುಂಬಿದರೂ ಅವಳ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಕಿವಿ ಪರೀಕ್ಷೆ ಮಾಡಿಸಿದ್ದಾಗಿತ್ತು. ಪಕ್ಕದ ಕೋಣೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದರೂ ಕೇಳುವ ಕಿವಿ ಅದು. ಮಾತೊಂದು ಇರಲಿಲ್ಲ. ಆದರೆ ಅಜ್ಜಿಯ ಸಣ್ಣ ಗಂಟಲು ಇದ್ದುದರಿಂದ ಆ ಕೊರತೆ ಮನೆಯವರಿಗೆ ಬಹಳ ದಿನ ಗೊತ್ತೇ ಆಗಲಿಲ್ಲ. ಲಿಫ್ಟ್ ರಿಪೇರಿ ಮಾಡಿ ದಣಿದು ಬಂದ ಮಗ, ತಾನಿದ್ದ ಕಟ್ಟಡಕ್ಕೆ ಲಿಫ್ಟಿಲ್ಲದೆ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತರೆ, "ಅಪ್ಪಾ, ನಂಗೇನು ತಂದೆ?" ಎಂದು ಕೇಳುತ್ತಿದ್ದುದು ಆ ಗಂಟಲೇ. ಅವನು ಉತ್ತರ ಕೊಡುತ್ತಿದ್ದುದು ಮಾತ್ರ ಮಗುವಿನ ಮುಖ ನೋಡಿ. ಒಮ್ಮೆ ಹೊಲಿಗೆಯ ಕತ್ತರಿ ಮುಟ್ಟಿದ್ದಕ್ಕೆ ಸೊಸೆ ಬುಗುರಿಯ ಕೈಗೆ ಒಂದೇಟು ಕೊಟ್ಟಾಗ, "ಅಮ್ಮ ಕೆಟ್ಟವಳು" ಎಂದಿತು ಆ ಗಂಟಲು. ಮಗುವೇ ಅಂದಂತೆ ಸೊಸೆಯ ಎದೆ ಚುರ್ರೆಂದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಸೊಸೆ ಕಾಲೇಜು ಓದಿದವಳು. ಓದಿದ್ದಕ್ಕೆ ತಕ್ಕ ಕೆಲಸ ಸಿಗದೆ ಬಟ್ಟೆ ಆಲ್ಟ್ರೇಷನ್ ಅಂಗಡಿಯೊಂದರಲ್ಲಿ ಪ್ಯಾಂಟಿನ ಕಾಲು ಮಡಚಿ, ಸೊಂಟ ಸಡಿಲಿಸಿ, ಜಿಪ್ ಬದಲಿಸಿ ದುಡಿಯುತ್ತಿದ್ದಳು. ಒಂದು ಸಲ ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲವೆಂದು ಎರಡೆರಡು ಸಲ ಅಳೆಯುವ ಸ್ವಭಾವ. ಶಿಶುವಿಹಾರದ ಟೀಚರ್ ಬುಗುರಿಯ ಚೀಲವನ್ನು ಅವಳ ಕೈಗೆ ಕೊಟ್ಟು, "ಮಾತು ಬಂದ ಮೇಲೆ ಕರ್ಕೊಂಡು ಬನ್ನಿ" ಎಂದ ದಿನ ಅವಳು ಮನೆಗೆ ಬರಲಿಲ್ಲ. ಮಗುವನ್ನು ಎತ್ತಿಕೊಂಡು ನೇರ ದೊಡ್ಡಾಸ್ಪತ್ರೆಗೆ ಹೋಗಿ ಮಾತಿನ ವಿಭಾಗ ಎಲ್ಲಿದೆಯೆಂದು ಕೇಳಿದಳು. ಎಕ್ಸ್‌ರೇ ಕೋಣೆಯ ಹಿಂದೆ ಇತ್ತು. ಸರದಿಯಲ್ಲಿ ಕಾದು, ತಿಂಗಳುಗಟ್ಟಲೆ ಅಲೆದು, ಕೊನೆಗೆ ವಾರಕ್ಕೊಂದು ಸಲದ ಜಾಗ ಸಿಕ್ಕಿತು.

ಅಲ್ಲಿದ್ದವಳು ಇನ್ನೂ ಚಿಕ್ಕ ವಯಸ್ಸಿನ ಥೆರಪಿಸ್ಟ್. ಮನೆಯಲ್ಲಿ ಎಲ್ಲರೂ ಅವಳನ್ನು ಮಾತಿನ ಮೇಡಂ ಎಂದೇ ಕರೆದರು. ಇಡೀ ದಿನ ಮಾತಾಡಿ ಅವಳ ಧ್ವನಿಯೇ ಕಟ್ಟಿಹೋಗಿತ್ತು. ಮೊದಲ ದಿನ ಚಾಪೆಯ ಮೇಲೆ ಕೂತು, ಕೀಲಿ ಕೊಟ್ಟ ಕಪ್ಪೆಯನ್ನು ಕುಣಿಸುತ್ತ, "ನಿನ್ನ ಹೆಸರೇನು ಪುಟ್ಟಾ?" ಎಂದಳು.

"ಬುಗುರಿ, ಮೇಡಂ" ಎಂದಿತು ಸಣ್ಣ ಗಂಟಲು.

ಮೇಡಂ ನಕ್ಕಳು. "ಕಪ್ಪೆ ಇನ್ನೊಂದ್ಸಲ ಕುಣೀಬೇಕಾ?"

"ಬೇಕು ಬೇಕು" ಎಂದಿತು ಸಣ್ಣ ಗಂಟಲು.

ಎರಡನೆಯ ಸಲ ಮೇಡಂ ನಗಲಿಲ್ಲ. "ಅಜ್ಜಿ, ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?" ಎಂದಳು.

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಬಾಗಿಲು ಮುಚ್ಚಿದ ಮೇಲೆ ಮೇಡಂ ತಗ್ಗಿದ ಧ್ವನಿಯಲ್ಲಿ ಹೇಳಿದಳು: "ಅಜ್ಜಿ ಅವಳ ಪಾಲಿನ ಮಾತನ್ನೂ ಆಡಿಬಿಡ್ತಾರೆ. ಸ್ವಲ್ಪ ಜಾಗ ಬಿಡ್ಲಿ. ನೀವೂ ಅಷ್ಟೇ, ಕೊಡೋಕೆ ಮುಂಚೆ ಒಂದು ಗಳಿಗೆ ಕಾಯಿರಿ. ವಾರಕ್ಕೊಂದ್ಸಲ ನಾನು ಮಾಡೋದು ಅಲ್ಪ, ಮಿಕ್ಕಿದ್ದೆಲ್ಲ ಮನೇಲೇ ಆಗಬೇಕು. ಸ್ಕೂಲ್ ರಜೆ ಮುಗಿಯೋ ಹೊತ್ತಿಗೆ ದೊಡ್ಡ ಡಾಕ್ಟರ್ ಕೂತು ನೋಡ್ತಾರೆ. ಮನೆಯವರು ಕೈಜೋಡಿಸ್ತಿಲ್ಲ ಅನ್ನಿಸಿದ್ರೆ ಈ ಜಾಗ ಕಾಯ್ತಿರೋ ಬೇರೆ ಮಗುಗೆ ಹೋಗುತ್ತೆ. ಅದು ನನ್ನ ಕೈಲಿಲ್ಲ."

ಬಸ್ಸಿನಲ್ಲಿ ಅತ್ತೆ ಒಂದೇ ಮಾತು ಕೇಳಿದರು: "ನನ್ನ ಹೊರಗೆ ಕಳ್ಸಿ ಏನು ಪಿಸುಪಿಸು?"

"ಮನೇಲಿ ಹೇಳ್ತೀನಿ ಅತ್ತೆ" ಎಂದಳು ಸೊಸೆ. ದಾರಿಯುದ್ದಕ್ಕೂ ಅವಳು ಮಾತನ್ನು ಅಳೆದು ಗುರುತು ಹಾಕಿಕೊಳ್ಳುತ್ತಿದ್ದಳು. ಕೊನೆಗೆ ತಟ್ಟೆಗಳ ಮುಂದೆ ಕೂತು, ಗಂಡ "ಏನಂದ್ರು?" ಎಂದು ಕೇಳಿದಾಗ, ಬಾಯಿಂದ ಬಂದದ್ದು ಬೇರೆಯೇ ಆಗಿತ್ತು.

"ಅತ್ತೆ ಇನ್ಮೇಲೆ ಮಗು ಹತ್ರ ಮಾತಾಡಬಾರದಂತೆ."

ಅತ್ತೆಯ ಕೈ ಅನ್ನದಲ್ಲೇ ನಿಂತಿತು. "ಮಾತಾಡಬಾರದಂತಾ?"

"ನೀವು ಆಡೋದ್ರಿಂದ ಅವಳು ಆಡ್ತಿಲ್ಲವಂತೆ."

"ಅಂದ್ರೆ ಮಗು ಮೂಗಿ ಆಗಿದ್ದು ನನ್ನಿಂದ."

"ಹಾಗಲ್ಲಮ್ಮ," ಗಂಡ ನಡುವೆ ಬಾಯಿ ಹಾಕಿದ, "ಅವರು ಓದಿದೋರು..."

"ಓದಿದೋಳು ಅವಳು. ಓದಿದೋಳು ನಿನ್ನ ಹೆಂಡ್ತಿ. ಇಬ್ಬರು ಓದಿದೋರು ಸೇರ್ಕೊಂಡು ಒಬ್ಬ ಮುದುಕಿ ಬಾಯಿ ಹೊಲಿದ್ರಿ. ಸರಿ ಬಿಡಪ್ಪ, ಅವಳಿಗೆ ಸೂಜಿ ದಾರ ಹೊಸದಲ್ಲ."

"ಅತ್ತೆ, ನಾನು..."

"ಮಗುಗೆ ಒಳ್ಳೇದಾಗೋದಾದ್ರೆ ಮುಗೀತು. ಇವತ್ತಿಂದ ಈ ಹೊಸ್ತಿಲೊಳಗೆ ನಾನು ತುಟಿ ಬಿಚ್ಚಿದ್ರೆ ಕೇಳು."

ಸಿಟ್ಟಿನ ಮಾತು, ನಾಳೆಗೆ ತಣಿಯುತ್ತದೆ ಎಂದುಕೊಂಡರು ಗಂಡ ಹೆಂಡತಿ. ಆದರೆ ಮಾರುಕಟ್ಟೆಯಲ್ಲಿ ಕೂಗಿ ಕೂಗಿ ತರಕಾರಿ ಮಾರಿ ಮಗನನ್ನು ಸಾಕಿದ ಆ ಹೆಂಗಸು ಹಟದಲ್ಲೂ ತೂಕ ತಪ್ಪುವವರಲ್ಲ. ಮೆಟ್ಟಿಲ ಮೇಲೆ ನೆರೆಯವರ ಹತ್ತಿರ ಬೆಲೆಯೇರಿಕೆಯಿಂದ ಹಿಡಿದು ಮಂಡಿನೋವಿನವರೆಗೆ ಗಟ್ಟಿಯಾಗಿ ಹರಟುತ್ತಿದ್ದವರು, ಹೊಸ್ತಿಲು ದಾಟಿದ ಕೂಡಲೇ ನಲ್ಲಿ ಬಂದ್ ಮಾಡಿದ ಹಾಗೆ ಮಾತು ನಿಲ್ಲಿಸಿಬಿಡುತ್ತಿದ್ದರು. ಅಡುಗೆ ಮಾಡಿದರು, ಬಟ್ಟೆ ಮಡಚಿದರು, ಮಗುವಿಗೆ ತಲೆ ಬಾಚಿದರು. ಎಲ್ಲವೂ ಮೊದಲಿನಂತೆಯೇ, ಮಾತೊಂದನ್ನು ಬಿಟ್ಟು. ಆಸ್ಪತ್ರೆಗೆ ಮಾತ್ರ ಮತ್ತೆ ಬರಲಿಲ್ಲ; ವಾರವಾರ ಸೊಸೆಯೊಬ್ಬಳೇ ಮಗುವನ್ನು ಕರೆದೊಯ್ದಳು.

ಮನೆ ಭಣಗುಟ್ಟಿತು. ಬುಗುರಿ ಅಜ್ಜಿಯ ಹಿಂದೆ ಹಿಂದೆ ತಿರುಗಿ ಅವರ ಮುಖವನ್ನೇ ನೋಡುತ್ತಿದ್ದಳು. ಒಂದು ಸಂಜೆ ಗಂಡ ತಡೆಯಲಾರದೆ ತಾನೇ ಗಂಟಲು ಸಣ್ಣ ಮಾಡಿ, "ಅಪ್ಪಾ, ನಂಗೇನು ತಂದೆ?" ಎಂದ. ಮಗು ಒಂದು ಸಲ ಅವನನ್ನು ನೋಡಿ ಮೇಜಿನ ಕೆಳಗೆ ಹೋಗಿ ಕೂತಿತು.

"ಬಾಗಿಲು ಸಿಕ್ಕಿಕೊಂಡಾಗ ಲಿಫ್ಟ್ ಕಿರುಗುಟ್ಟತ್ತಲ್ಲ, ಹಾಗಿತ್ತು ಅಲ್ವಾ?" ಎಂದು ಅವನು ನಗಲು ನೋಡಿದ. ಯಾರೂ ನಗಲಿಲ್ಲ.

ಆಗ ಸೊಸೆ ಪಾಠವನ್ನು ತಾನೇ ಕೈಗೆತ್ತಿಕೊಂಡಳು. ಕಾಯಿರಿ ಎಂದಿದ್ದಳು ಮೇಡಂ. ಒಂದು ಗಳಿಗೆ ಕಾದು ಫಲವಿಲ್ಲದಿದ್ದರೆ ಇನ್ನೂ ಹೆಚ್ಚು ಕಾಯಬೇಕು ಎಂದು ಅವಳು ಅರ್ಥ ಮಾಡಿಕೊಂಡಳು. ಲೋಟವನ್ನು ಎದೆಯೆತ್ತರಕ್ಕೆ ಹಿಡಿದು ಕೂತಳು.

"ನೀರು ಹೇಳು. ನೀ ಅಂದ್ರೂ ಸಾಕು, ಹೇಳು ಕಂದಾ."

ಬುಗುರಿ ಬೆರಳು ತೋರಿಸಿದಳು.

"ಬೆರಳಲ್ಲ. ಬಾಯಲ್ಲಿ. ಹೇಳು."

ಬುಗುರಿ ಅತ್ತಳು. ಅಡುಗೆ ಮನೆಯಲ್ಲಿ ಪಾತ್ರೆಯೊಂದು ಬೇಕೆಂದೇ ಸದ್ದು ಮಾಡಿ ಬಿತ್ತು. ಸೊಸೆ ಲೋಟ ಕೊಡಲಿಲ್ಲ. ರಜೆ ಕರಗುತ್ತಿತ್ತು. ಅಂಗಡಿಯಲ್ಲಿ ಕೂತರೂ ಕಣ್ಣಮುಂದೆ ಎಕ್ಸ್‌ರೇ ಕೋಣೆಯ ಹಿಂದಿನ ಬೆಂಚು, ಅದರ ಮೇಲೆ ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ಕಾಯುವ ತಾಯಂದಿರು. ಅಂಗಡಿ ಯಜಮಾನ ಒಂದು ಪ್ಯಾಂಟನ್ನು ಎತ್ತಿ ಹಿಡಿದು, "ಏನಮ್ಮಾ ಇದು, ಒಂದು ಕಾಲು ಮೊಳಕಾಲಿಗೆ, ಒಂದು ಕಾಲು ನೆಲಕ್ಕೆ? ಗಿರಾಕಿ ಕುಂಟ ಅಲ್ಲ ಕಣಮ್ಮಾ" ಎಂದ. ಅವಳು ಹೊಲಿಗೆ ಬಿಚ್ಚಿ ಮತ್ತೆ ಹಾಕಿದಳು.

ದಿನ ಕಳೆದಂತೆ ಬುಗುರಿ ಅಳುವುದನ್ನು ಬಿಟ್ಟಳು. ಬೆರಳು ತೋರಿಸುವುದನ್ನೂ ಬಿಟ್ಟಳು. ಲೋಟ ಎತ್ತಿದರೆ ಆ ಕಡೆ ನೋಡುತ್ತಲೇ ಇರಲಿಲ್ಲ. ಹಟ ಇಳಿಯುತ್ತಿದೆ, ಇನ್ನು ಬಾಯಿ ಬಿಡುತ್ತಾಳೆ ಎಂದುಕೊಂಡಳು ತಾಯಿ.

ಒಂದು ಮಧ್ಯಾಹ್ನ ಅವಳು ಅಂಗಡಿಯಿಂದ ಬೇಗ ಬಂದಾಗ ಅತ್ತೆ ಮೆಟ್ಟಿಲ ಮೇಲೆ ಹರಟುತ್ತಿದ್ದರು; ಬಚ್ಚಲಿನಿಂದ ಸಣ್ಣ ಸದ್ದು ಕೇಳಿಸಿತು. ಬಾಗಿಲು ತಳ್ಳಿದಳು. ನೆನೆಹಾಕಿದ ಬಟ್ಟೆಯ ಪಕ್ಕದಲ್ಲಿದ್ದ ಬಕೆಟ್ಟಿಗೆ ಬಾಗಿ, ಎರಡು ಅಂಗೈ ಸೇರಿಸಿ, ಬುಗುರಿ ನೀರು ಕುಡಿಯುತ್ತಿದ್ದಳು. ಹೊಸದಾಗಿ ಕಲಿತದ್ದಲ್ಲ. ಒಂದು ಹನಿಯೂ ಚೆಲ್ಲದಂತೆ, ರೂಢಿಯಾದವರ ಹಾಗೆ ಕುಡಿಯುತ್ತಿದ್ದಳು. ತಾಯಿಯನ್ನು ಕಂಡದ್ದೇ ಕೈ ಒರೆಸಿಕೊಂಡು ಗೋಡೆಗೆ ಒತ್ತಿಕೊಂಡಳು.

ಸಂಜೆಗೆ ವಾಂತಿ ಶುರುವಾಯಿತು. ಮೈ ಸುಡುತ್ತಿತ್ತು. ಆ ವಾರದ ಥೆರಪಿ ತಪ್ಪಿತು.

"ಮಗು ಬಕೆಟ್ ನೀರು ಕುಡಿಯೋವರೆಗೂ ಏನು ಮಾಡ್ತಿದ್ದೆ ನೀನು?" ಗಂಡ ಕೂಗಿದ. "ಮಗಳಿಗೆ ಮಾತು ಕಲಿಸ್ತಿದ್ದೀಯೋ, ಉಪವಾಸ ಕಲಿಸ್ತಿದ್ದೀಯೋ?"

"ನೀವೇನು ಮಾಡಿದ್ರಿ? ಒಂದು ದಿನ ಬಂದ್ರಾ ಆಸ್ಪತ್ರೆಗೆ? ಊರವರ ಲಿಫ್ಟೆಲ್ಲ ಎತ್ತಿ ಇಳಿಸೋಕೆ ಪುರುಸೊತ್ತಿದೆ."

"ದುಡಿಯದೆ ಇದ್ರೆ ತಿನ್ನೋದೇನು?"

"ಜಾಗ ಹೋದ್ರೆ ಆಮೇಲೆ ಏನು ಮಾಡೋದು ಹೇಳಿ. ನಾವು ಸತ್ತ ಮೇಲೆ ಇವಳು ಯಾರ ಮನೆ ಬಚ್ಚಲಲ್ಲಿ ನೀರು ಕುಡೀಬೇಕು ಹೇಳಿ."

ಅತ್ತೆ ಒದ್ದೆ ಬಟ್ಟೆ ಹಿಂಡಿ ಮಗುವಿನ ಹಣೆಯ ಮೇಲೆ ಹಾಕಿದರು. ತುಟಿ ಮಾತ್ರ ಬಿಚ್ಚಲಿಲ್ಲ. ಆಗಲೇ ಬುಗುರಿ ಮಲಗಿದಲ್ಲಿಂದ ಕೈ ಚಾಚಿ, ಎರಡು ಬೆರಳು ಅಜ್ಜಿಯ ತುಟಿಗಳ ನಡುವೆ ತೂರಿಸಲು ನೋಡಿದಳು. ಅತ್ತೆ ಮುಖ ಗೋಡೆಯ ಕಡೆ ತಿರುಗಿಸಿದರು. ಬಾಯಲ್ಲಿ ಏನೋ ತಿಂಡಿ ಇದೆಯೆಂದು ಹುಡುಕುತ್ತಿದ್ದಾಳೆ, ಹಸಿವಾಗಿದೆ, ಎಂದುಕೊಂಡ ಸೊಸೆ ಗಂಜಿ ತರಲು ಎದ್ದಳು. ಮಗು ಗಂಜಿ ಮುಟ್ಟಲಿಲ್ಲ.

ಜ್ವರ ಬಿಟ್ಟ ಮೇಲೂ ಆ ಬೆರಳಾಟ ನಿಲ್ಲಲಿಲ್ಲ. ಅಷ್ಟರಲ್ಲಿ ಮಾತಿನ ಮೇಡಂ ಫೋನ್ ಮಾಡಿದಳು. "ಮುಂದಿನ ವಾರ ದೊಡ್ಡ ಡಾಕ್ಟರ್ ಇರ್ತಾರೆ. ಈ ಸಲ ತಪ್ಪಿಸಿದ್ರೆ ನಾನೇನೂ ಮಾಡೋಕಾಗಲ್ಲ. ಎಲ್ಲರೂ ಬನ್ನಿ. ಅಜ್ಜಿನೂ ಬರ್ಲಿ."

ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಸೊಸೆ ಎದುರು ಕೂತು ಒಂದು ಗೆಡ್ಡೆ ಕೈಗೆತ್ತಿಕೊಂಡಳು.

"ನೀವೂ ಬರಬೇಕಂತೆ ಅತ್ತೆ."

ಅತ್ತೆ ತಲೆ ಅಡ್ಡಡ್ಡ ಆಡಿಸಿದರು.

"ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ. ಮಗುಗೋಸ್ಕರ ಬನ್ನಿ."

ಅತ್ತೆ ಸಿಪ್ಪೆಯನ್ನು ಊದಿ ಪಕ್ಕಕ್ಕೆ ಸರಿಸಿದರು.

"ಬರ್ತೀನೋ ಇಲ್ಲವೋ, ಅಷ್ಟಾದ್ರೂ ಬಾಯಿ ಬಿಟ್ಟು ಹೇಳಿ. ಹೇಳಿ ಅತ್ತೆ."

ಅತ್ತೆ ಕಣ್ಣೆತ್ತಿದರು. ವಾರಗಟ್ಟಲೆ ಮನೆಯೊಳಗೆ ಬಳಸದ ಗಂಟಲು ಒರಟಾಗಿ ಹೊರಬಂತು. "ಮಗುಗಾಯ್ತು, ಈಗ ನನಗೂ ಶುರು ಮಾಡಿದ್ಯಾ, ಹೇಳು ಹೇಳು ಅಂತ?"

ಅಷ್ಟೇ. ಮತ್ತೆ ಬೆಳ್ಳುಳ್ಳಿ. ಆದರೆ ಹೊರಡುವ ದಿನ ಬೆಳಿಗ್ಗೆ ಅವರು ಒಗೆದ ಸೀರೆ ಉಟ್ಟು, ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತಿದ್ದರು.

ದೊಡ್ಡ ಡಾಕ್ಟರ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಫೈಲು ತಿರುವಿದರು. "ಒಂದು ಸಲ ಬಂದಿಲ್ಲ. ಮನೇಲಿ ಹೇಗಿದೆಯಮ್ಮಾ? ಸುಧಾರಿಸಿದೆಯಾ?"

ಚೆನ್ನಾಗಿದೆ ಸಾರ್, ಒಂದೆರಡು ಪದ ಹೇಳ್ತಾಳೆ ಎಂದು ಅವಳು ಬಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದಳು. ನಾಲಗೆ ತಿರುಗಲಿಲ್ಲ.

"ಇಲ್ಲ ಸಾರ್. ಕಮ್ಮಿಯಾಗಿದೆ. ಮೊದಲು ಬೆರಳಾದ್ರೂ ತೋರಿಸ್ತಿದ್ಲು. ಈಗ ಅದೂ ಇಲ್ಲ. ನೀರು ಹೇಳು ಅಂತ ಲೋಟ ಹಿಡ್ಕೊಂಡು ಕೂತಿದ್ದೆ. ಅವಳು ಬಚ್ಚಲ ಬಕೆಟ್ಟಲ್ಲಿ ಕುಡ್ಕೊಂಡ್ಲು."

ಗಂಡ ತನ್ನ ಕೈಯ ಗ್ರೀಸ್ ಕಲೆಯನ್ನು ಉಜ್ಜಿಕೊಳ್ಳುತ್ತಿದ್ದ. ಡಾಕ್ಟರ್ ಫೈಲಿನ ಹಾಳೆಯ ಮೇಲೆ ಪೆನ್ನು ಇಟ್ಟರು. ಅದು ಬರೆಯುವ ಮೊದಲೇ ತಾನು ಏನಾದರೂ ಹೇಳಬೇಕು ಎನಿಸಿತು ಸೊಸೆಗೆ.

ಅಷ್ಟರಲ್ಲಿ ಚಾಪೆಯ ಸುತ್ತ ತಿರುಗುತ್ತಿದ್ದ ಬುಗುರಿ ಅಜ್ಜಿಯ ತೊಡೆ ಏರಿ, ಎರಡೂ ಕೈಗಳಿಂದ ಅವರ ತುಟಿಗಳನ್ನು ಬಿಡಿಸತೊಡಗಿದಳು. ಮನೆಯ ಹೊಸ್ತಿಲಿನಾಚೆಯಾದರೂ ಮಗುವಿನ ಮುಂದೆ ಅತ್ತೆ ತುಟಿ ಇನ್ನಷ್ಟು ಬಿಗಿದರು.

ಮಾತಿನ ಮೇಡಂ ಕತ್ತು ಮುಂದೆ ಚಾಚಿದಳು. "ಇದನ್ನ ಯಾವಾಗಿಂದ ಮಾಡ್ತಿದ್ದಾಳೆ?"

"ಜ್ವರ ಬಂದಾಗಿಂದ. ತಿಂಡಿ ಹುಡುಕ್ತಾಳೆ."

"ತಿಂಡಿ ಅಲ್ಲ. ಅಜ್ಜಿ ಯಾಕೆ ಬಾಯೇ ಬಿಡ್ತಿಲ್ಲ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ನೀವೇ ಹೇಳಿದ್ರಲ್ಲ ಮೇಡಂ," ಎಂದ ಗಂಡ, "ಮಾತಾಡಬಾರದು ಅಂತ."

"ನಾನಾ? ಅವಳ ಪಾಲಿಂದು ಅವಳಿಗೆ ಬಿಡ್ಲಿ ಅಂದೆ. ಅಜ್ಜಿ ತಮ್ಮ ಪಾಲನ್ನೂ ಆಡಬಾರದು ಅಂದ್ನಾ?"

"ನಾನೇ ಮನೇಲಿ ಹಾಗೆ ಹೇಳಿದ್ದು" ಎಂದಳು ಸೊಸೆ.

ಮೇಡಂ ಅತ್ತೆಯ ಎದುರು ಮಂಡಿಯೂರಿದಳು. "ಅಜ್ಜಿ, ಆವತ್ತು ನಿಮ್ಮನ್ನ ಹೊರಗೆ ಕಳಿಸಬಾರದಿತ್ತು. ಕೂರಿಸ್ಕೊಂಡೇ ಹೇಳಬೇಕಿತ್ತು. ಅದು ನನ್ನ ತಪ್ಪು."

ಅತ್ತೆ ಗೋಡೆ ನೋಡುತ್ತ, "ಬೆಂಚು ತಣ್ಣಗಿತ್ತು" ಎಂದರು.

ಆ ಧ್ವನಿ ಕೇಳಿದ್ದೇ ಬುಗುರಿ ಅಲುಗಾಡದೆ ಕೂತಳು. ಮತ್ತೆ ಬೆರಳು ತುಟಿಗೆ ಹೋಯಿತು, ಇನ್ನೂ ಅವಸರವಾಗಿ.

"ನೋಡಿ ಸಾರ್, ಕೇಳ್ತಿದ್ದಾಳೆ," ಎಂದಳು ಮೇಡಂ. "ಅಜ್ಜಿ, ಮನೇಲಿ ಅವಳ ಪರವಾಗಿ ಏನಾದ್ರೂ ಒಂದು ಮಾತು ಆಡ್ತಿದ್ರಲ್ಲ, ಅದನ್ನೇ ಆಡಿ. ಕೊನೆ ಪದ ಮಾತ್ರ ಬಿಟ್ಟುಬಿಡಿ. ಬಿಟ್ಟು ಅವಳನ್ನೇ ನೋಡ್ತಾ ಇರಿ."

ಸಣ್ಣ ಗಂಟಲು ಬಹಳ ದಿನದ ಮೇಲೆ ಹೊರಬಂತು. "ಅಪ್ಪಾ, ನಂಗೇನು..."

ಎಲ್ಲರೂ ಕಾದರು. ಬುಗುರಿ ಅಜ್ಜಿಯ ಬಾಯಿ ನೋಡಿದಳು. ತುಟಿ ಎಳೆದಳು. ಅವಳ ತುಟಿಗಳೂ ಬಿಚ್ಚಿಕೊಂಡವು. ಅವುಗಳ ನಡುವೆ ಬರಿಯ ಉಸಿರು ಬಂತು. ಶಬ್ದ ಬರಲಿಲ್ಲ. ಸೊಸೆ "ಹೇಳು" ಎನ್ನಲು ಬಾಯಿ ತೆರೆದಳು. ಗಂಡ ಅವಳ ಮುಂಗೈ ಹಿಡಿದ. ಅತ್ತೆ ಮತ್ತೊಮ್ಮೆ ಆಡಿದರು, ಮತ್ತೊಮ್ಮೆ ಉಸಿರು. ಡಾಕ್ಟರ್ ಗಡಿಯಾರ ನೋಡಿಕೊಂಡರು.

"ಮಾತು ಬರತ್ತಾ ಸಾರ್?" ಎಂದು ಕೇಳಿದ ಗಂಡ.

ಡಾಕ್ಟರ್ ಮೇಡಂ ಕಡೆ ನೋಡಿದರು. "ಬರುತ್ತೆ ಅಂತ ನಾನು ಮಾತು ಕೊಡಲ್ಲ," ಎಂದಳು ಅವಳು. "ಬರದೇನೂ ಇರಬಹುದು. ಆದ್ರೆ ಅವಳು ಏನೂ ಹೇಳ್ತಿಲ್ಲ ಅಂತ ಮಾತ್ರ ಹೇಳಬೇಡಿ."

ಡಾಕ್ಟರ್ ಬರೆದರು. ಮುಂದಿನ ಪರಿಶೀಲನೆಯವರೆಗೆ ಜಾಗ ಉಳಿಯಿತು. ಮೂವರೂ ಬರಬೇಕು, ಅಜ್ಜಿ ಒಳಗೇ ಕೂರಬೇಕು, ಶಿಶುವಿಹಾರದ ಟೀಚರ್ ಹತ್ತಿರ ಮೇಡಂ ಮಾತಾಡುತ್ತಾಳೆ. ಅಷ್ಟೇ. ಬಾಗಿಲ ಹೊರಗೆ ತಣ್ಣನೆಯ ಬೆಂಚಿನ ಮೇಲೆ ಕೂತಿದ್ದ ತಾಯಿಯೊಬ್ಬಳು ಇವರ ಮುಖ ನೋಡಿ ಜಾಗ ತೆರವಾಗಲಿಲ್ಲವೆಂದು ತಿಳಿದುಕೊಂಡಳು. ಸೊಸೆ ಕಣ್ಣು ತಗ್ಗಿಸಿ ದಾಟಿದಳು.

ಹೊರಡುವ ಮುನ್ನ ಅವಳು ಹಿಂದೆ ಉಳಿದು ಕೇಳಿದ್ದಳು. "ನಾನೇನು ಮಾಡ್ಲಿ ಮೇಡಂ?"

"ಸ್ವಲ್ಪ ದಿನ ಹೇಳು ಅನ್ನಬೇಡಿ."

"ಹೇಳು ಅನ್ನದೆ ಇನ್ನೇನನ್ಲಿ?"

"ಏನು ಕೆಲಸ ಮಾಡ್ತಿದ್ದೀರೋ ಅದನ್ನೇ ಹೇಳಿ. ಅವಳು ಕೇಳ್ಲಿ."

ಆ ವಾರ ಮನೆಯಲ್ಲಿ ಮತ್ತೆ ಮಾತು ಶುರುವಾಯಿತು. ಅತ್ತೆ ಸೊಸೆಗೆ ಮೊದಲು ಆಡಿದ್ದು, "ಸಾರಿಗೆ ಉಪ್ಪು ಹಾಕೋಕೂ ಮೇಡಂ ಬರಬೇಕಾ?" ಎಂದು. ಸೊಸೆಗೆ ಅದೇ ಹಿತವೆನಿಸಿತು. ಮಗ ಬಾಗಿಲಲ್ಲಿ ನಿಂತಾಗ ಸಣ್ಣ ಗಂಟಲು ಅರ್ಧ ಹೇಳಿ ನಿಲ್ಲುತ್ತಿತ್ತು. ಅವನು ಚಪ್ಪಲಿಯನ್ನೂ ಬಿಡದೆ ಕಾಯುತ್ತಿದ್ದ. ಬರಿಯ ಉಸಿರು.

ಒಂದು ಸಂಜೆ ಸೊಸೆ ಕಿಟಕಿಯ ಹತ್ತಿರ ಕೂತು ಅಂಗಡಿಯಿಂದ ತಂದ ಲಂಗದ ಅಂಚು ಮಡಚುತ್ತಿದ್ದಳು. ಬುಗುರಿ ಬಂದು ಸ್ವಲ್ಪ ದೂರದಲ್ಲಿ ನಿಂತಳು. ಬಕೆಟ್ಟಿನ ದಿನದಿಂದ ಅಷ್ಟು ಹತ್ತಿರ ಅವಳು ತಾನಾಗಿ ಬಂದಿರಲಿಲ್ಲ.

"ದಾರ ಪೋಣಿಸ್ತಿದ್ದೀನಿ," ಎಂದಳು ತಾಯಿ, ಗೋಡೆಗೆ ಹೇಳಿದಂತೆ. "ಈಗ ಗಂಟು ಹಾಕ್ತೀನಿ. ಕೆಂಪು ದಾರ."

ಬುಗುರಿ ಇನ್ನೊಂದು ಹೆಜ್ಜೆ ಬಂದಳು. ದಾರದ ಉಂಡೆಯನ್ನು ಮುಟ್ಟಿದಳು. ಆಸೆ ಎಂಬುದು ಎಷ್ಟು ಅಳೆದರೂ ಅಳತೆಗೆ ನಿಲ್ಲುವುದಿಲ್ಲ.

"ದಾರ. ದಾರ ಅನ್ನು ಕಂದಾ. ದಾ ಅಂದ್ರೂ ಸಾಕು, ಹೇಳು. ಒಂದೇ ಒಂದ್ಸಲ, ಹೇಳು..."

ಬುಗುರಿ ಓಡಲಿಲ್ಲ. ದಾರದ ಉಂಡೆಯನ್ನು ಬಿಟ್ಟು, ಮುಂದೆ ಬಂದು, ತನ್ನ ಅಂಗೈಯನ್ನು ತಾಯಿಯ ಬಾಯಿಯ ಮೇಲೆ ಇಟ್ಟು ಒತ್ತಿದಳು. ಅಜ್ಜಿಯ ಬಾಯಿ ಬಿಚ್ಚಲು ಹೆಣಗುತ್ತಿದ್ದ ಅದೇ ಕೈ.

ಅಡುಗೆ ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು, ಕೈಯಲ್ಲಿ ಸೌಟು. "ಅಮ್ಮಾ..." ಎಂದು ಸಣ್ಣ ಗಂಟಲು ಶುರುಮಾಡಿತು. ಮುಂದಿನ ಪದ ಏನೆಂದು ಸೊಸೆಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಅವರು ಆಡಲಿಲ್ಲ. ತುಟಿ ಮುಚ್ಚಿಕೊಂಡು, ಸೌಟು ಹಿಡಿದೇ ಕಾದರು.

ಆ ಪದವನ್ನು ಯಾರೂ ಆಡಲಿಲ್ಲ. ಅಂಗೈ ಮಾತ್ರ ಬಾಯಿಯ ಮೇಲೆ ಬಿಗಿಯಾಗಿ ಇತ್ತು, ಬೆಚ್ಚಗೆ. ಸರಿ, ಸಾಕು ಮಾಡ್ತೀನಿ ಎನ್ನಲು ತಾಯಿಗೆ ಬಾಯಿರಲಿಲ್ಲ. ಅವಳು ತಲೆಯಾಡಿಸಿದಳು. ತಾನು ಹೇಳಿದ್ದು ಕೇಳಿಸಿತೋ ಇಲ್ಲವೋ ಎಂಬಂತೆ ಬುಗುರಿ ಅವಳ ಕಣ್ಣುಗಳನ್ನು ಬಹಳ ಹೊತ್ತು ನೋಡಿದಳು. ಕೈ ತೆಗೆಯಲಿಲ್ಲ.